ಕಳ್ಳರನ್ನೇ ಕಚ್ಚುವ ನಾಯಿ

ಕಂಟ್ರಾಕ್ಟರ್ ಪಾಲಾಕ್ಷಪ್ಪನ ನಾಯಿ ಬೀದಿಗೆ ನುಗ್ಗಿ, ಹೂ ಮಾರುವ ಗುತ್ತೆಮ್ಮನ ಕೈ ಕಚ್ಚಿತು. ಆಕೆ ಠಾಣೆಗೆ ದೂರು ಕೊಟ್ಟಳು. ಪಾಲಾಕ್ಷಪ್ಪ ಅಲ್ಲಿಗೆ ಬಂದು, "ನನ್ನ ನಾಯಿ ಕಳ್ಳರನ್ನು ಬಿಟ್ಟು ಬೇರೆ ಯಾರನ್ನೂ ಕಚ್ಚೋದಿಲ್ಲ ಸಾರ್" ಎಂದ. ಉಳ್ಳವರ ಮಾತು, ದೂರು ಮೂಲೆ ಸೇರಿತು. ಆ ಮಾತು ಮಾತ್ರ ಓಣಿ ಓಣಿ ಸುತ್ತಿತು. ಗುತ್ತೆಮ್ಮನ ದನಿ ಕೇಳಿದರೆ ಹೆಂಗಸರು ಬಾಗಿಲು ಹಾಕಿಕೊಳ್ಳತೊಡಗಿದರು. ಕೈಗಾದ ಗಾಯ ಮಾಯುತ್ತದೆ. ಕಳ್ಳಿ ಅನ್ನೋ ಹೆಸರು ಬಿದ್ದರೆ ವ್ಯಾಪಾರ ಮುಳುಗಿದಂತೆಯೇ.

ಭಾನುವಾರ ಪಾಲಾಕ್ಷಪ್ಪನ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದರು. ಗುತ್ತೆಮ್ಮ ಗೇಟಿನ ಪಕ್ಕ ಬುಟ್ಟಿ ಇಳಿಸಿ ಕೈಮುಗಿದಳು.

"ಧೈರ್ಯವಾಗಿ ಒಳಗೆ ಹೋಗಿ ಯಜಮಾನ್ರೇ. ಈ ಮನೆ ನಾಯಿ ಕಳ್ಳರನ್ನು ಮಾತ್ರ ಕಚ್ಚುತ್ತಂತೆ. ಸಾಹುಕಾರ್ರೇ ಠಾಣೇಲಿ ಹೇಳಿದಾರೆ. ನನ್ನ ಕಚ್ಚಿತು, ನಾನು ಕಳ್ಳಿಯಾದೆ."

ಒಳಗಿನಿಂದ ನಾಯಿ ಗೇಟಿಗೆ ಹಾರಿ ಬೊಗಳಿತು. ಗಂಡಿನ ಅಪ್ಪ ಎತ್ತಿದ ಕಾಲು ಹಿಂದಕ್ಕಿಟ್ಟರು. ಬೀದಿಯವರೆಲ್ಲ ನೋಡುತ್ತಿದ್ದಾರೆ, ಕಚ್ಚಿಸಿಕೊಂಡರೆ ಮಾನವೂ ಹೋಗುತ್ತದೆ.

ಪಾಲಾಕ್ಷಪ್ಪ ಎದ್ದು ಬಿದ್ದು ಓಡಿಬಂದ. "ಅಯ್ಯೋ, ಹಾಗಲ್ಲ ಬೀಗರೇ! ಈ ದರಿದ್ರದ್ದಕ್ಕೆ ಕಳ್ಳ ಯಾರು, ಸಾಚಾ ಯಾರು ಒಂದೂ ಗೊತ್ತಾಗಲ್ಲ. ಸಿಕ್ಕಿದವರನ್ನೆಲ್ಲ ಕಚ್ಚುತ್ತೆ!"

"ಇದೇ ಮಾತು ಠಾಣೇಲಿ ಆಡಬಾರದಿತ್ತಾ ಸಾಹುಕಾರ್ರೇ?"

ಅವನು ನಾಯಿಗೆ ಸರಪಳಿ ಬಿಗಿದು ಗುತ್ತೆಮ್ಮನನ್ನು ದುರುಗುಟ್ಟಿ ನೋಡಿದ. "ಕಟ್ಟಿಹಾಕಿದೆನಲ್ಲ, ಇನ್ನೇನು ಬೇಕೇ ನಿನಗೆ?"

ಗುತ್ತೆಮ್ಮ ಬುಟ್ಟಿ ಎತ್ತಿಕೊಂಡಳು. "ನಾಯಿ ನನ್ನ ಕೈ ಕಚ್ಚಿತು, ಅದಕ್ಕೆ ಸರಪಳಿ ಬಿತ್ತು. ನನ್ನ ಹೆಸರು ಕಚ್ಚಿದೋರು ನೀವು. ನಿಮ್ಮನ್ನ ಕಟ್ಟಿಹಾಕೋರು ಯಾರು?"