ತೆಳು ತಪ್ಪಲೆಗೆ ಕಲಾಯಿ

"ಗುರುಗಳೇ, ಯಕೃತ್ತು ಕೆಟ್ಟ ಕುಡುಕನಿಗೆ ಕುಡಿತ ಬಿಡಿಸುವ ಮದ್ದು ಕೊಡಬಹುದೇ?" ಎಂದು ವೈದ್ಯವಿದ್ಯೆ ಕಲಿಯುತ್ತಿದ್ದ ಶಿಷ್ಯ ಕೇಳಿದ. "ಬೆಳಿಗ್ಗೆ ಅಂಥವನೊಬ್ಬ ಬಂದಿದ್ದ. ಮದ್ದೇ ಮುಳುವಾದೀತೆಂದು, ಮೊದಲು ಕುಡಿತ ಬಿಟ್ಟು ಬಾ ಎಂದು ಕಳಿಸಿಬಿಟ್ಟೆ. ನನ್ನ ಕೈಯಿಂದ ಇದುವರೆಗೆ ಯಾರಿಗೂ ಕೇಡಾಗಿಲ್ಲ."

ಹೇಳುವಾಗ ಅವನ ಎದೆ ತುಸು ಉಬ್ಬಿತ್ತು. ಗುರುಗಳು ಅದನ್ನು ನೋಡಿದರು, ಕತೆ ಶುರುಮಾಡಿದರು.

ಒಂದೂರಲ್ಲಿ ಒಬ್ಬ ಕಲಾಯಿಗಾರ, ತಾಮ್ರದ ಪಾತ್ರೆಗಳ ಒಳಗೆ ತವರ ಬಳಿಯುವವನು. ಅವನು ಕಲಾಯಿ ಹಾಕಿದ ತಪ್ಪಲೆಯಲ್ಲಿ ಹುಳಿಯನ್ನು ರಾತ್ರಿಯಿಡೀ ಇಟ್ಟರೂ ಕಿಲುಬು ಏಳುತ್ತಿರಲಿಲ್ಲ. ಅದೇ ಅವನ ಜಂಬ. ಇರಲಿ ಬಿಡು, ಕೆಲಸ ಬಲ್ಲವನಿಗೆ ಜಂಬ ಒಪ್ಪುತ್ತದೆ! ಆದರೆ ಸಾರಾಯಿ ಅವನನ್ನು ಹಿಡಿದಿತ್ತು. ಕಣ್ಣು ಹಳದಿಯಾಯಿತು, ಹೊಟ್ಟೆ ಊದಿತು. ಒಂದು ದಿನ ತವರ ಸವರುವಾಗ ಕೈ ನಡುಗಿ ಕಲಾಯಿ ಕೆಟ್ಟಿತು. ಅವನು ಅತ್ತುಬಿಟ್ಟ. ಎದ್ದವನೇ ವೈದ್ಯನ ಬಳಿಗೆ ಹೋದ.

ವೈದ್ಯ ಹೊಟ್ಟೆ ಮುಟ್ಟಿ ನೋಡಿದ. "ಯಕೃತ್ತು ಸೋತಿದೆಯಪ್ಪಾ, ಮದ್ದನ್ನು ತಾಳಲಾರದು. ಮೊದಲು ಕುಡಿಯುವುದನ್ನು ಬಿಡು, ಆಮೇಲೆ ನೋಡೋಣ" ಎಂದ.

ಕಲಾಯಿಗಾರನಿಗೆ ರೋಷ ಬಂತು. "ಬಿಡಲಾಗದೆ ತಾನೇ ಸ್ವಾಮಿ ನಿಮ್ಮ ಹತ್ತಿರ ಬಂದದ್ದು! ಸವೆದು ತೆಳುವಾದ ತಪ್ಪಲೆ ನನ್ನ ಮುಂದೆಯೂ ಬರುತ್ತದೆ. ಬೆಂಕಿ ಜೋರಾದರೆ ತೂತು ಬೀಳುತ್ತದೆ. ಹಾಗೆಂದು ತಿರುಗಿ ಕಳಿಸಿದರೆ ಆ ಮನೆಯವರು ಅದರಲ್ಲೇ ಹುಳಿ ಕುದಿಸಿ ಕಿಲುಬು ತಿನ್ನುತ್ತಾರೆ. ನಾನು ಒಬ್ಬರನ್ನೂ ಕಳಿಸಿದವನಲ್ಲ. ಕೆಂಡ ಕಡಿಮೆ ಮಾಡುತ್ತೇನೆ, ತಿದಿ ಮೆಲ್ಲಗೆ ಒತ್ತುತ್ತೇನೆ, ಪಾತ್ರೆಯಿಂದ ಕಣ್ಣು ಕೀಳುವುದಿಲ್ಲ."

ವೈದ್ಯನಿಗೆ ಚುರುಕ್ಕೆಂದಿತು. ಕಪಾಟು ತೆರೆದು, ಯಕೃತ್ತಿಗೆ ಕೇಡು ಮಾಡುವ ಮದ್ದುಗಳನ್ನು ಬದಿಗಿಟ್ಟ. ಅದಕ್ಕೆ ಹೊರೆಯಾಗದ್ದೊಂದನ್ನು ಹುಡುಕಿ, ಅಳತೆ ನೋಡಿ ಸ್ವಲ್ಪವೇ ಕೊಟ್ಟ. ವಾರವಾರವೂ ಕರೆಸಿ ಕಣ್ಣು ನೋಡಿದ, ಹೊಟ್ಟೆ ನೋಡಿದ.

ವರ್ಷ ತಿರುಗಿತು, ಕುಡಿತ ಬಿಟ್ಟುಹೋಯಿತು. ಕಲಾಯಿಗಾರ ವೈದ್ಯನ ಮನೆಗೆ ಹೋಗಿ, ಸವೆದು ಅಟ್ಟ ಸೇರಿದ್ದ ಹಳೆಯ ತಪ್ಪಲೆಯನ್ನು ತಾನೇ ಕೇಳಿ ತಂದ. ಕಲಾಯಿ ಹಾಕಿ, ಬಿಸಿಲಿಗೆ ಎತ್ತಿ ಹಿಡಿದ. "ನೋಡಿ ಸ್ವಾಮಿ, ಒಂದು ತೂತು ತೋರಿಸಿ!" ಎಂದ. ಕೈ ನಡುಗಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿ ಶಿಷ್ಯನ ಕಡೆ ತಿರುಗಿದರು.

"ನಿನ್ನ ಕೈಯಿಂದ ಯಾರಿಗೂ ಕೇಡಾಗಿಲ್ಲ, ಸರಿ. ಆದರೆ ಬೆಳಿಗ್ಗೆ ಬರಿಗೈಯಲ್ಲಿ ಹೋದವನು ಈ ಹೊತ್ತಿಗೆ ಏನು ಕುಡಿಯುತ್ತಿದ್ದಾನೆ?"

ಶಿಷ್ಯ ಎದ್ದು, ಅವನನ್ನು ಹುಡುಕಿಕೊಂಡು ಹೋಗಲು ಚಪ್ಪಲಿ ಮೆಟ್ಟಿದ.