ಬೀಳು ಯಮನವ್ವನ ಹೊಲ

"ಯಮನವ್ವನ ಹೊಲ ಯಾವ ಕಡೆ ಅಣ್ಣಾ?"

ಜೋಡೆತ್ತು ಹೊಡೆದುಕೊಂಡು ಬರುತ್ತಿದ್ದ ಮಾಳಪ್ಪ ನಿಂತ.

"ಯಾವ ಯಮನವ್ವರೀ? ಊರಾಗ ಐದು ಮಂದಿ ಅದಾರ."

ವಾರಿಜ ಸುಸ್ತಾಗಿದ್ದಳು. ಕಾರು ಹಿಂದಿನ ಹಳ್ಳದ ಕೆಸರಿನಲ್ಲಿ ಹೂತು ಕೂತಿತ್ತು. ಅದೇ ಜಾಲಿಮರದ ಬುಡಕ್ಕೆ ಅವಳು ಬಂದು ನಿಂತದ್ದು ಇದು ಮೂರನೆಯ ಸಲ. ನೈರೋಬಿಯಲ್ಲಿ, ಮನಿಲಾದಲ್ಲಿ ಒಬ್ಬಳೇ ಅಲೆದವಳಿಗೆ ಈ ಹೊಳೆದಂಡೆಯ ಕಪ್ಪು ನೆಲ ದಾರಿ ಬಿಟ್ಟುಕೊಡಲಿಲ್ಲ.

"ಹಾಲಯ್ಯ ಮೇಷ್ಟ್ರು ಬರುತ್ತಿದ್ದರಲ್ಲ, ಆ ಯಮನವ್ವ."

"ಹಂಗನ್ರಿ ಮತ್ತ! ಬೀಳು ಯಮನವ್ವ."

"ಬೀಳು ಯಮನವ್ವ ಅಂದರೆ?"

"ಆಕಿ ಹೆಸರರೀ. ಯಾರೋ ಸಾಲಿ ಕಲತಾಕಿ ಬಂದು, ಆಕಿ ಹೊಲ ಬೀಳು ಅಂತ ಸರಕಾರಕ್ಕ ಬರಕೊಟ್ಲಂತ. ಅವತ್ತಿಂದ ಮಂದಿ ಹಂಗ ಕರೀತಾರ. ನೀವೇನು ಆಕಿ ಬೀಗರೇನ್ರೀ?"

"ಬರೆದುಕೊಟ್ಟವಳು ನಾನೇ."

ಮಾಳಪ್ಪ ಅವಳನ್ನು ಮೇಲಿಂದ ಕೆಳಗೆ ನೋಡಿದ. ಎತ್ತಿನ ಕೊರಳ ಹಗ್ಗ ಸರಿಮಾಡಿದ.

"ನೆಟ್ಟಗ ಹೋಗ್ರಿ. ಬೈಸಿಕೊಳ್ಳಾಕ ಹೋಗೋ ಹಾದಿ ತಪ್ಪೂದಿಲ್ಲ."

ಹಾಲಯ್ಯ ಮೇಷ್ಟ್ರು ಕೃಷಿ ಅರ್ಥಶಾಸ್ತ್ರಜ್ಞರು. ವಿಶ್ವವಿದ್ಯಾಲಯದ ಕುರ್ಚಿ ಬಿಟ್ಟು ಹೊಳೆದಂಡೆಯಲ್ಲಿ ತಗಡಿನ ಮನೆ ಹಾಕಿಕೊಂಡಿದ್ದರು. ಎರಡೆಕರೆ ಮೂರೆಕರೆ ಉಳುವವರ ನೆಲ ಅವರ ಹೆಸರಿಗೇ ಆಗಬೇಕು. ಮೇಷ್ಟ್ರಿಗಿದ್ದ ಜಪ ಅದೊಂದೇ. ಊರವರು ತಮಾಷೆಗೆ ಆ ತಗಡಿನ ಮನೆಯನ್ನು ಆಶ್ರಮ ಅಂದರು. ಬರುಬರುತ್ತ ತಮಾಷೆ ಮಾಡುವುದು ಬಿಟ್ಟರು, ಹೆಸರು ಮಾತ್ರ ಉಳಿಯಿತು.

ಇಪ್ಪತ್ತೆರಡು ವರ್ಷದ ಹಿಂದೆ ವಾರಿಜ ಅಲ್ಲಿ ಶಿಷ್ಯೆ. ಯಾವ ಹೊಲ ಯಾರು ಉಳುತ್ತಾರೆ ಬರೆದುಕೊಂಡು ಬಾ ಎಂದು ಮೇಷ್ಟ್ರು ಕಳಿಸಿದ್ದರು. ಆಷಾಢದ ಒಂಬತ್ತು ದಿನದಲ್ಲಿ ಮುನ್ನೂರು ಹೊಲ ಮುಗಿಸಿದಳು. ಒಂದು ಪ್ರತಿ ಕಂದಾಯ ಕಚೇರಿಗೆ ಕೊಟ್ಟು, ಇನ್ನೊಂದನ್ನು ಹೆಮ್ಮೆಯಿಂದ ಗುರುಗಳ ಮುಂದಿಟ್ಟಳು.

ಮೇಷ್ಟ್ರು ಹಾಳೆ ತಿರುವುತ್ತ ಒಂದು ಕಡೆ ನಿಂತರು.

"ಯಮನವ್ವನ ಹೊಲ ಬೀಳು ಅಂತ ಬರೆದಿದ್ದೀಯ."

"ಹೌದು ಸರ್. ಒಂದು ಪೈರಿಲ್ಲ."

"ನೀನು ಯಾವ ಸೀಮೆಯವಳು?"

"ಕಾವೇರಿ ಕಾಲುವೆ ಕಡೆಯವಳು."

ಮೇಷ್ಟ್ರು ಎದ್ದು ಹೊರಗೆ ಹೋದರು. ಹಿಂತಿರುಗಿದಾಗ ಮುಷ್ಟಿಯಲ್ಲಿ ಯಮನವ್ವನ ಹೊಲದ ಮಣ್ಣಿತ್ತು. ಅದನ್ನು ಅವಳ ಹಾಳೆಯ ಮೇಲೆ ಇಟ್ಟರು. ಹಸಿ ಮಣ್ಣು, ಶಾಯಿ ಕದಡಿತು.

"ಬೀಳು ಅಂದರೆ ಏನು?"

"ಯಾರೂ ಮುಟ್ಟದ ನೆಲ."

"ಹಾಗಾದರೆ ಇದರೊಳಗೆ ನೀರು ಹಿಡಿದಿಟ್ಟವರು ಯಾರು?"

ಈ ಎರೆನೆಲದಲ್ಲಿ ಮೊದಲ ಮಳೆಗೆ ಬಿತ್ತುವುದಿಲ್ಲ. ಮತ್ತೆ ಮತ್ತೆ ಕುಂಟೆ ಹೊಡೆದು ಹರಗಿ, ಕಳೆ ತೆಗೆದು, ಮಳೆಯನ್ನೆಲ್ಲ ಮಣ್ಣಿಗೆ ಕುಡಿಸಿ, ಹಿಂಗಾರಿಗೆ ಜೋಳ ಹಾಕುತ್ತಾರೆ. ಆಷಾಢದ ಬರಿ ಹೊಲವೆಂದರೆ ದುಡಿತದ ನಡುವಿನ ಹೊಲ. ಕಾಲುವೆ ನೀರಲ್ಲಿ ಬೆಳೆದವಳಿಗೆ ಅದು ಹೊಳೆದಿರಲಿಲ್ಲ.

"ತಿದ್ದಿ ಕಳಿಸುತ್ತೇನೆ ಸರ್. ನಾಡಿದ್ದು ವಿಮಾನ ಇದೆ."

"ಕಳಿಸಬೇಡ. ಬಿತ್ತನೆ ಹೊತ್ತಿಗೆ ಬಾ, ಬಂದು ತಿದ್ದು. ನನ್ನ ಗುರುದಕ್ಷಿಣೆ ಅಷ್ಟೇ."

ಅವಳು ಬರಲಿಲ್ಲ. ಆ ಸಮೀಕ್ಷೆಯ ಮೇಲೆ ಪುಸ್ತಕ ಬರೆದಳು. ಪುಸ್ತಕದ ಮೇಲೆ ಕೆಲಸ ಸಿಕ್ಕಿತು. ಕೆಲಸ ದೇಶದಿಂದ ದೇಶಕ್ಕೆ ಹೊತ್ತುಕೊಂಡು ಹೋಯಿತು.

ಪ್ರತಿ ವರ್ಷ ಹಿಂಗಾರಿ ಹೊತ್ತಿಗೆ ಮೇಷ್ಟ್ರ ಒಂದು ಕಾರ್ಡು, ಅವಳಿದ್ದ ಊರು ಹುಡುಕಿಕೊಂಡು ಬರುತ್ತಿತ್ತು. ಎರಡೇ ಪದ: "ಬಿತ್ತನೆ ಆಯಿತು." ಮುದುಕರ ಅಕ್ಕರೆ ಅಂದುಕೊಂಡು ಅವುಗಳನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸುತ್ತಿದ್ದಳು. ಊಟಕ್ಕೆ ಬಂದ ಗೆಳೆಯರಿಗೆ ನಮ್ಮ ಗುರುಗಳ ಕವಿತೆ ಎಂದು ತೋರಿಸುತ್ತಿದ್ದಳು.

ಈ ಬೇಸಿಗೆಯಲ್ಲಿ ಮೇಷ್ಟ್ರು ತೀರಿಕೊಂಡರು. ವಾರಿಜ ಪತ್ರಿಕೆಗೆ ಅರ್ಧ ಪುಟದ ಶ್ರದ್ಧಾಂಜಲಿ ಬರೆದಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಯಮನವ್ವನೂ ಇರಲಿಲ್ಲ.

ಹದಿನೈದು ದಿನದ ಹಿಂದೆ ಇನ್ನೊಂದು ಕಾರ್ಡು ಬಂತು. ಯಾರದೋ ಅಕ್ಷರ, ಕೆಳಗೆ ಹೆಬ್ಬೆಟ್ಟು: "ಈ ವರ್ಷ ಬಿತ್ತನೆ ಆಗುವುದಿಲ್ಲ. ಯಮನವ್ವ."

ವಾರಿಜ ಬಂದಾಗ ಯಮನವ್ವ ಹೊಲಕ್ಕೆ ಇಳಿಯದೆ ಬದುವಿನ ಮೇಲೆ ಕೂತಿದ್ದಳು. ಎಪ್ಪತ್ತರ ಹತ್ತಿರದ ಹೆಂಗಸು. ಪಕ್ಕದಲ್ಲಿ ಬೀಜದ ಚೀಲ. ಮೂಲೆಯ ಗೂಟದಲ್ಲಿ ನೋಟಿಸು: ಬೀಳು ಜಮೀನು, ಉಗ್ರಾಣ ಕಟ್ಟಲು ಕಾದಿರಿಸಿದೆ, ಯಾರೂ ಇಳಿಯಕೂಡದು, ತಕರಾರಿದ್ದವರು ಕಚೇರಿಗೆ ಬರಲು ಇಂದು ಸಂಜೆಯೇ ಗಡುವು.

"ನೀನೇನು ಬರದಾಕಿ?"

"ಹೌದು ಅವ್ವಾ."

"ಇಪ್ಪತ್ತೆರಡು ವರ್ಸದ ಬೈಗಳ ಕೂಡಿಸಿಟ್ಟೀನಿ."

"ಬೈಯಿರಿ."

"ಈಗ ಹೊತ್ತಿಲ್ಲ. ಉತ್ತರಿ ಮಳಿ ಬಿದ್ದು ಎರಡು ದಿನ ಆತು. ನಾಳಿಗೆ ನೆಲದ ಹದ ಹಾರತದ, ಬಿತ್ತಾಕ ಬರೂದಿಲ್ಲ. ಕಚೇರಿಗೆ ನಡಿ, ಹಾದ್ಯಾಗ ಬೈತೀನಿ."

ಮಾಳಪ್ಪನ ಎತ್ತುಗಳು ಕಾರನ್ನು ಹಳ್ಳದಿಂದ ಎಳೆದು ಹಾಕಿದವು. ಯಮನವ್ವ ಹೇಳಿದ ಮಾತು ತಪ್ಪಲಿಲ್ಲ. ಎರಡು ಮೈಲಿ ಬೈದಳು. ನಾಲ್ಕು ಭಾಷೆಯಲ್ಲಿ ಬೈಸಿಕೊಂಡ ಅನುಭವ ವಾರಿಜಳಿಗಿತ್ತು. ಇಷ್ಟು ಸೊಗಸಾಗಿ ಯಾರೂ ಬೈದಿರಲಿಲ್ಲ.

ಉಸಿರು ತೆಗೆದುಕೊಳ್ಳಲು ಮುದುಕಿ ನಿಲ್ಲಿಸಿದಾಗ ವಾರಿಜ ಕೇಳಿದಳು, "ಇಷ್ಟು ವರ್ಷ ಹೊಲ ಹೇಗೆ ಉಳಿಯಿತು?"

"ಬಿತ್ತಿದ ಮರುದಿನ ಮೇಷ್ಟ್ರು ಕಚೇರಿ ಮುಂದ ಹೋಗಿ ಕುಂದರತಿದ್ರು. ಸಾಹೇಬರನ್ನ ಕರಕೊಂಡು ಬಂದು ಹೊಲ ತೋರಸೋರು. ಈ ವರ್ಸಕ್ಕ ಬೀಳಲ್ಲ ಅಂತ ಬರಸಕೊಂಡು ಹೋಗೋರು. ಪ್ರತಿ ವರ್ಸ. ಪೂರ್ತಿ ತಿದ್ದಾಕ ಬರದಾಕೀನ ಬರಬೇಕಂತ. ಈಗ ಕುಂದರಾಕ ಯಾರದಾರ?"

ಎರಡೇ ಪದದ ಕಾರ್ಡುಗಳ ಹಿಂದೆ ಏನಿತ್ತು ಎಂದು ವಾರಿಜಳಿಗೆ ಆಗ ತಿಳಿಯಿತು. ಒಂದು ಸಲವೂ ಅವರು ಬಾ ಎಂದು ಬರೆದಿರಲಿಲ್ಲ.

"ನಿಮ್ಮ ಮೇಷ್ಟ್ರೂ ಹಂಗ ಅಂದಿದ್ರು" ಎಂದಳು ಯಮನವ್ವ.

"ಹೇಗೆ?"

"ಮೊದಲ ಸಲ ಬಂದಾಗ. ಯಾಕವ್ವಾ, ಹೊಲ ಬೀಳು ಬಿಟ್ಟೀ, ಅಂದ್ರು. ನಾ ಅವರನ್ನ ಹೊಲಕ್ಕ ಇಳಿಸಿದೆ. ಅವರ ಕೈಲೇ ಮಣ್ಣು ತೋಡಿಸಿದೆ."

ವಾರಿಜ ಕಾರಿನ ವೇಗ ತಗ್ಗಿಸಿದಳು. ಆ ಮುಷ್ಟಿ ಮಣ್ಣಿನ ಕಥೆಯನ್ನು ಅವಳು ಮೂರು ವಿಶ್ವವಿದ್ಯಾಲಯಗಳಲ್ಲಿ ಗುರುಗಳ ಹೆಸರಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದ್ದಳು.

"ಹಾಗಾದರೆ ಅವರಿಗೂ ನನಗೂ ಏನು ವ್ಯತ್ಯಾಸ ಅವ್ವಾ?"

"ಅವರು ಬಿತ್ತಾಕ ಬಂದ್ರು."

ಕಚೇರಿಯ ಅಧಿಕಾರಿ ಇನ್ನೂ ಮೂವತ್ತು ದಾಟದವರು. ಹೆಸರು ಕೇಳುತ್ತಲೇ ಎದ್ದು ನಿಂತರು.

"ಮೇಡಂ, ನಿಮ್ಮ ಪುಸ್ತಕ ಓದಿಯೇ ನಾನು ಪರೀಕ್ಷೆ ಪಾಸಾದೆ."

"ಅದರಲ್ಲಿ ತಪ್ಪಿದೆ. ತಿದ್ದಬೇಕು."

ಅಧಿಕಾರಿ ಹಳೆಯ ಕಡತ ತರಿಸಿದರು. ಓದಿದರು. ಬಾಗಿಲು ಮುಂದೆ ಮಾಡಿ ದನಿ ತಗ್ಗಿಸಿದರು.

"ನೀವು ಬೀಳು ಅಂತ ಬರೆದದ್ದು ನಲವತ್ತೊಂದು ಹೊಲ. ರೈತರು ನೆಲ ಬಿಟ್ಟು ಹೋಗುತ್ತಿದ್ದಾರೆ ಅಂತ ನಿಮ್ಮ ಪುಸ್ತಕ ಹೇಳೋದು ಇದರ ಆಧಾರದ ಮೇಲೆ. ಎಲ್ಲ ತೆಗೆದರೆ ಪುಸ್ತಕದಲ್ಲಿ ಏನು ಉಳಿಯುತ್ತೆ ಮೇಡಂ? ಈ ಅಜ್ಜಿಯದೊಂದು ಕೈತಪ್ಪು ಅಂತ ಬರೆದುಕೊಡಿ. ಇವರ ಕೆಲಸ ಆಗುತ್ತೆ, ನಿಮ್ಮ ಹೆಸರೂ ಉಳಿಯುತ್ತೆ."

ವಾರಿಜ ಯಮನವ್ವನ ಕಡೆ ನೋಡಿದಳು. ಯಮನವ್ವ ಮೇಲೆ ತಿರುಗುವ ಫ್ಯಾನು ನೋಡುತ್ತಿದ್ದಳು. ಇದು ತನಗೆ ಸಂಬಂಧಿಸಿದ ಮಾತಲ್ಲ ಎಂಬಂತೆ.

ಒಂದು ಹಾಳೆ ಸಾಕಿತ್ತು. ಒಂದು ಹಾಳೆ ಬರೆದು, ಸಂಜೆಯ ರೈಲು ಹಿಡಿದು ಹೋಗಬಹುದಿತ್ತು. ಬೀಗಬೇಕಾದ ಕಡೆಯೆಲ್ಲ ಬೀಗಿಕೊಂಡು ಇನ್ನು ಇಪ್ಪತ್ತು ವರ್ಷ ಓಡಾಡಬಹುದಿತ್ತು.

"ಕೈ ತಪ್ಪಿದ್ದಲ್ಲ, ಕಣ್ಣು ತಪ್ಪಿದ್ದು" ಎಂದಳು. "ನಲವತ್ತೊಂದನ್ನೂ ಅದೇ ಆಷಾಢದಲ್ಲಿ, ಅದೇ ಕಣ್ಣಲ್ಲೇ ನೋಡಿದ್ದೆ. ನಲವತ್ತೊಂದು ಹಾಳೆ ಕೊಡಿ."

ಒಂದೊಂದರಲ್ಲೂ ಅದನ್ನೇ ಬರೆದಳು. ಇದು ಹಿಂಗಾರಿ ಹೊಲ. ನಾನು ಬಂದಾಗ ಹರಗಿ ಬಿಟ್ಟಿದ್ದರು. ನನಗೆ ತಿಳಿಯದೆ ಬೀಳು ಎಂದು ಬರೆದೆ. ಕೆಳಗೆ ಪೂರ್ತಿ ಹೆಸರು, ಸಹಿ. ಇಪ್ಪತ್ತನೆಯ ಹಾಳೆಗೆ ಬೆರಳು ನೋಯಿತು. ಮೂವತ್ತರ ಹೊತ್ತಿಗೆ, ಯಾಕೋ, ಹೆಗಲು ಹಗುರವಾಗತೊಡಗಿತು.

ಅಧಿಕಾರಿ ಹಾಳೆಗಳನ್ನು ಕೈಗೆತ್ತಿಕೊಂಡು ಒಂದೊಂದಾಗಿ ಎಣಿಸಿದರು. ಆಮೇಲೆ ಕೆಂಪು ಪೆನ್ನು ತೆಗೆದು ಉಗ್ರಾಣದ ಪಟ್ಟಿಯಲ್ಲಿ ಯಮನವ್ವನ ಹೊಲದ ನಂಬರು ಹೊಡೆದುಹಾಕಿದರು.

"ಉಳಿದ ನಲವತ್ತು ಹೊಲಕ್ಕೆ ನಾಳೆಯಿಂದ ನಾನೇ ಹೋಗಿ ನೋಡುತ್ತೇನೆ. ಅಜ್ಜೀ, ಗೂಟ ಕಿತ್ತು ಹಾಕಿ. ಬಿತ್ತಬಹುದು."

"ಮತ್ತ ಮಾತಾಡಕೋತ ಯಾಕ ನಿಂತೀರಿ!" ಎನ್ನುತ್ತ ಯಮನವ್ವ ಆಗಲೇ ಮೆಟ್ಟಿಲಿಳಿಯುತ್ತಿದ್ದಳು.

ಹೊಲಕ್ಕೆ ಮರಳಿದಾಗ ಹೊತ್ತು ಇನ್ನೂ ಎರಡು ಮಾರು ಮೇಲಿತ್ತು. ಮಾಳಪ್ಪ ಬಿತ್ತುವ ಕೂರಿಗೆ ಹೂಡಿ ಕಾಯುತ್ತಿದ್ದ. ವಾರಿಜ ಚಪ್ಪಲಿ ಬಿಟ್ಟು ಹೊಲಕ್ಕೆ ಇಳಿದಳು. ಕಪ್ಪು ಮಣ್ಣು ಬೆರಳ ಸಂದಿಯಲ್ಲಿ ತಣ್ಣಗೆ ಮೇಲೆ ಬಂತು.

ಯಮನವ್ವ ಅವಳ ಸೆರಗು ಹಿಡಿದು ಉಡಿ ಕಟ್ಟಿದಳು. ಎರಡು ಸೇರು ಜೋಳ ಸುರಿದಳು. ಕೂರಿಗೆಯ ಬಟ್ಟಲು ತೋರಿಸಿದಳು.

"ಅವ ಎತ್ತು ಹೊಡೀತಾನ. ನೀ ಹಿಂದಿಂದ ನಡಕೋತ ಕಾಳು ಬಿಡು. ಒಂದ ಸಮ."

"ನಾನು ಯಾವತ್ತೂ ಬಿತ್ತಿದವಳಲ್ಲ ಅವ್ವಾ. ಎಲ್ಲೋ ಕೈ ತಡೆದು ಸಾಲು ಖಾಲಿ ಬಿದ್ದರೆ?"

ಎತ್ತುಗಳು ಹೆಜ್ಜೆ ಕಿತ್ತವು. ಯಮನವ್ವ ಅವಳ ಬೆನ್ನ ಮೇಲೆ ಕೈಯಿಟ್ಟು ಮುಂದಕ್ಕೆ ದೂಡಿದಳು.

"ಖಾಲಿ ಬಿದ್ದದ್ದು ಮೊಳಕಿ ಬಂದ ಮ್ಯಾಲ ಕಾಣಸ್ತದ. ಅಲ್ಲಿ ತನಕ ಕೈ ನಿಲ್ಲಸಬ್ಯಾಡ."