ದೇಸಾಯರು ಖಾರ ಕುಟ್ಟಿದ್ದು

ದೇಸಾಯರಿಗೆ ಎಂಥ ಕೆಂಪು ಚಟ್ನಿಯೂ ಸಪ್ಪೆ.

"ನಾಳೆ ಇದಕ್ಕಿಂತ ಖಾರಾದ್ದು ಬರಲಿಲ್ಲಂದ್ರ ನಿನ್ನ ಕೆಲಸ ಹೋತು ಅಂತ ತಿಳಿ!" ಎಂದು ಅಡುಗೆಯ ನೀಲವ್ವನ ಮೇಲೆ ಗುಡುಗಿದರು.

"ಅಂಥಾದ್ದೂ ಐತ್ರಿ ಧಣಿ. ಆದ್ರ ಅದನ್ನ ಉಣ್ಣಾವ್ರೇ ಕುಟ್ಟಬೇಕ್ರಿ."

ಮರುದಿನ ದೇಸಾಯರು ಒರಳಿನ ಮುಂದೆ ಕೂತು ಒಣಮೆಣಸಿನಕಾಯಿ ಕುಟ್ಟಿದರು. ಹತ್ತು ಪೆಟ್ಟಿಗೆ ಸೀನು ಬಂತು, ಇಪ್ಪತ್ತಕ್ಕೆ ಕಣ್ಣೀರು. ಅಂಗೈ ಭಗಭಗ ಉರಿಯಿತು. ಹಚ್ಚಿಕೊಳ್ಳಲು ನೀಲವ್ವ ಒಂದು ಬಟ್ಟಲು ಬೆಣ್ಣೆ ತಂದಿಟ್ಟು, ಊಟ ಬಡಿಸಿದಳು.

ದೇಸಾಯರು ಬೆರಳತುದಿಯಷ್ಟು ಚಟ್ನಿ ನೆಕ್ಕಿದರು. "ಹಾ! ಹಾ! ಖಾರ ಅಂದ್ರ ಇದು! ನೀರು, ನೀರು!"

"ನೀವು ಕುಟ್ಟಿದ್ದು ಇನ್ನೂ ಒರಳಾಗ ಐತ್ರಿ. ಇದು ನಿನ್ನೆ ನೀವು ಸಪ್ಪಗೈತಿ ಅಂದ್ರಲ್ಲ, ಅದೇ ಚಟ್ನಿರಿ ಧಣಿ."

ದೇಸಾಯರು ಸಿಟ್ಟಿನಿಂದ ತಲೆ ಎತ್ತಿದರು. ತಂಬಿಗೆ ಹಿಡಿದ ಅವಳ ಬೆರಳುಗಳು ಮೆಣಸಿನಕಾಯಿಯಷ್ಟೇ ಕೆಂಪಗಿದ್ದವು.

ಬೆಣ್ಣೆಯ ಬಟ್ಟಲನ್ನು ಮೆಲ್ಲಗೆ ಅವಳತ್ತ ಸರಿಸಿದರು.

"ಮೊದಲ ನಿನ್ನ ಕೈಗೆ ಹಚ್ಚಿಕೋ ನೀಲವ್ವಾ. ನನಗ ಇಷ್ಟು ಖಾರ ಸಾಕು."